ಮೈನಸ್ ಸಾವಿರದ ಆರುನೂರು

ಪಿಯುಸಿ ಎರಡನೆಯ ವರ್ಷದ ಫಿಸಿಕ್ಸ್ ಪತ್ರಿಕೆಗಳನ್ನು ತಿದ್ದಲು ಕೂತು ಅಂದಿಗೆ ಐದನೆಯ ದಿನ. ಜಯನಗರದ ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲೇ ಮೇಜು ಜೋಡಿಸಿದ್ದರು. ಎರಡು ಫ್ಯಾನು, ಅದರಲ್ಲೊಂದು ತಿರುಗುವುದಕ್ಕಿಂತ ನರಳುವುದೇ ಹೆಚ್ಚು. ಬಿಟಿಎಂ ಲೇಔಟಿನ ಬಾಡಿಗೆ ಮನೆಯಿಂದ ಎರಡು ಬಸ್ಸು ಬದಲಿಸಿ ಬಂದು ಉಮಾಶ್ರೀ ಒಂಬತ್ತೂವರೆಗೆ ಕೆಂಪು ಪೆನ್ನು ಬಿಚ್ಚಿದರೆ, ಮಧ್ಯಾಹ್ನದ ಮೊಸರನ್ನದ ಹೊತ್ತು ಬಿಟ್ಟು ಸಂಜೆ ಐದರತನಕ ತಲೆ ಎತ್ತುವ ಹಾಗಿರಲಿಲ್ಲ. ದಿನಕ್ಕೆ ಮೂವತ್ತು ಪತ್ರಿಕೆ ಮುಗಿಯಬೇಕು. ಗದಗಿನಿಂದ ಬಂದು ಮೂರು ವರ್ಷ ಬೆಂಗಳೂರಿನಲ್ಲಿ ಪಾಠ ಮಾಡಿದ್ದ ಆಕೆಗೆ ಇದು ಮೊದಲ ಮೌಲ್ಯಮಾಪನ. ಮೊದಲ ದಿನ ಒಂದೊಂದು ಪತ್ರಿಕೆಯನ್ನೂ ಪತ್ರ ಓದಿದ ಹಾಗೆ ಓದಿದ್ದಳು. ಐದನೆಯ ದಿನಕ್ಕೆ ಕೈ ತಾನೇ ಟಿಕ್ ಹಾಕುತ್ತಿತ್ತು.

ನೂರಿಪ್ಪತ್ತೆಂಟನೆಯ ಪತ್ರಿಕೆಯಲ್ಲಿ ಆ ಕೈ ನಿಂತಿತು.

ಲೆನ್ಸಿನ ಲೆಕ್ಕ ಅದು. ದೀಪಕ್ಕೂ ಪರದೆಗೂ ಎಂಬತ್ತು ಸೆಂಟಿಮೀಟರ್ ದೂರ, ನಡುವೆ ಇಪ್ಪತ್ತೈದು ಸೆಂಟಿಮೀಟರ್ ಸಂಗಮದೂರದ ಪೀನ ಮಸೂರ. ದೀಪದ ಬಿಂಬ ಪರದೆಯ ಮೇಲೆ ಸ್ಪಷ್ಟವಾಗಿ ಬೀಳಬೇಕಾದರೆ ಮಸೂರವನ್ನು ಎಲ್ಲೆಲ್ಲಿ ಇಡಬೇಕು? ಐದು ಅಂಕ. ಹೇಗೆ ಅಂಕ ಕೊಡಬೇಕೆಂದು ಮೇಲಿನಿಂದ ಬಂದಿದ್ದ ಸ್ಕೀಮಿನಲ್ಲಿ ಸೂತ್ರಕ್ಕೆ ಒಂದು, ಬೆಲೆ ಹಾಕಿದ್ದಕ್ಕೆ ಒಂದು, ಸಮೀಕರಣಕ್ಕೆ ಒಂದು, ಉತ್ತರ ಇಪ್ಪತ್ತು ಅಂದರೆ ಒಂದು, ಅರವತ್ತು ಅಂದರೆ ಇನ್ನೊಂದು. ಇದುವರೆಗೆ ಲೆಕ್ಕ ಮುಗಿಸಿದ ಮಕ್ಕಳೆಲ್ಲ ಇಪ್ಪತ್ತು, ಅರವತ್ತು ಎಂದೇ ಬರೆದಿದ್ದರು.

ಈ ಮಗು ಮಾತ್ರ ಮೂರು ಪುಟ ಬರೆದಿತ್ತು. ಒಂದು ಸಲ ಮಾಡಿ ಹೊಡೆದು ಹಾಕಿ, ಮತ್ತೆ ಮಾಡಿ, ಸ್ಕೇಲು ಹಿಡಿದು ಕಿರಣಗಳ ಚಿತ್ರ ಬರೆದು, ಕಡೆಗೆ ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಹೀಗೆ ಮುಗಿಸಿತ್ತು: ‘ವರ್ಗಮೂಲದ ಒಳಗೆ ಮೈನಸ್ 1600 ಬರುತ್ತಿದೆ. ಎಲ್ಲಿಟ್ಟರೂ ಬಿಂಬ ಬೀಳುವುದಿಲ್ಲ. ಪರದೆ ಕನಿಷ್ಠ 100 ಸೆಂ.ಮೀ. ದೂರ ಇರಬೇಕು. ಮೂರು ಸಲ ನೋಡಿದೆ.’ ಅದರಾಚೆ ಎರಡು ಪ್ರಶ್ನೆ ಖಾಲಿ. ಸಮಯವೆಲ್ಲ ಇಲ್ಲೇ ಸುರಿದುಹೋಗಿತ್ತು.

ಸ್ಕೀಮಿನ ಪ್ರಕಾರ ಇದಕ್ಕೆ ಮೂರು. ಒಟ್ಟು ಕೂಡಿದರೆ ಹತ್ತೊಂಬತ್ತು. ಎಪ್ಪತ್ತರ ಈ ಪತ್ರಿಕೆಯಲ್ಲಿ ಪಾಸಿಗೆ ಇಪ್ಪತ್ತೊಂದು. ಬೇಕಾದ ಆ ಎರಡು ಅಂಕಗಳು ಇಪ್ಪತ್ತರ ಹತ್ತಿರ ಒಂದು, ಅರವತ್ತರ ಹತ್ತಿರ ಒಂದು ಕೂತುಬಿಟ್ಟಿದ್ದವು.

ಉಮಾಶ್ರೀ ಹಾಳೆಯ ಅಂಚಿನಲ್ಲಿ ತಾನೇ ಲೆಕ್ಕ ಮಾಡಿದಳು. ಮೈನಸ್ ಸಾವಿರದ ಆರುನೂರೇ ಬಂತು. ಕೆಳಗಿದ್ದ ನಾಲ್ಕು ಪತ್ರಿಕೆ ಎಳೆದು ನೋಡಿದಳು. ನಾಲ್ಕರಲ್ಲೂ ಅದೇ ಬಂದಿತ್ತು, ಮುಂದಿನ ಸಾಲಿಗೆ ಇಳಿಯುವಾಗ ಮೈನಸ್ಸು ಮಾಯ. ನಲವತ್ತರ ವರ್ಗ ಕಣ್ಣಿಗೆ ಕಂಡ ಸಂತೋಷದಲ್ಲಿ ಅದನ್ನು ಎಲ್ಲರೂ ದಾರಿಯಲ್ಲೇ ಇಳಿಸಿ ಹೋಗಿದ್ದರು. ನಾಲ್ಕಕ್ಕೂ ಐದಕ್ಕೈದು ಕೊಟ್ಟವಳು ಅವಳೇ.

ಪಕ್ಕದಲ್ಲಿ ಕೂತಿದ್ದ ಯಾದಗಿರಿಯ ಮೌನೇಶ ಇಣುಕಿ ನೋಡಿ, ಪ್ರಿಂಟಾಗುವಾಗ ಸಂಗಮದೂರದ ಹದಿನೈದು ಇಪ್ಪತ್ತೈದಾಗಿರಬೇಕು ಎಂದ. ಹದಿನೈದಾದರೆ ಉತ್ತರ ಚೊಕ್ಕಟವಾಗಿ ಬರುತ್ತಿತ್ತು. ಆಮೇಲೆ ಅವನು ಮೂರು ಕೊಟ್ಟು ಮುಂದೆ ಹೋಗಲು ಸಲಹೆಯನ್ನೂ ಕೊಟ್ಟ. ಊಟದ ಗಂಟೆಯೊಳಗೆ ಇನ್ನೂ ಎಂಟು ಪತ್ರಿಕೆ ಮುಗಿಯಬೇಕಿತ್ತು.

“ತಪ್ಪು ಮಾಡ್ದವ್ರಿಗೆ ಐದು, ಖರೇ ಬರದವ್ರಿಗೆ ಮೂರು,” ಎಂದಳು ಉಮಾಶ್ರೀ. “ಇದ್ಯಾವ ನ್ಯಾಯ ಮೌನೇಶ?”

“ನ್ಯಾಯ ಕೇಳಾಕ ಕೋರ್ಟಿಗೆ ಹೋಗ್ಬೇಕ್ರಿ ಮೇಡಂ. ಇಲ್ಲಿ ಬರೇ ಟಿಕ್ ಹಾಕೋದು.”

ಅವಳು ಪತ್ರಿಕೆ ಎತ್ತಿಕೊಂಡು ರಾಮಪ್ರಸಾದರ ಮೇಜಿಗೆ ನಡೆದಳು. ಆ ಲ್ಯಾಬಿನ ಹತ್ತೂ ಜನರ ಮೇಲೆ ಅವರು ಹಿರಿಯ ಪರೀಕ್ಷಕರು. ತ್ಯಾಗರಾಜನಗರದವರು, ಇಪ್ಪತ್ತೆಂಟು ವರ್ಷದ ಸರ್ವೀಸು, ಹಸಿರು ಶಾಯಿಯ ಪೆನ್ನು ಅವರೊಬ್ಬರ ಹತ್ತಿರ. ಆ ಹಸಿರು ಸಹಿ ಇಲ್ಲದೆ ಅರ್ಧ ಅಂಕವೂ ಅಲುಗುವಂತಿಲ್ಲ.

ಅವರು ಕನ್ನಡಕವನ್ನು ಹಣೆಗೇರಿಸಿ ಕೇಳಿದರು. ಇಂಥ ತಕರಾರು ದಿನಕ್ಕೆ ನಾಲ್ಕು ಬರುತ್ತವೆ, ಮೊದಲ ವರ್ಷದವರೆಲ್ಲ ಹೀಗೇ, ಎರಡನೇ ವರ್ಷಕ್ಕೆ ಸರಿಹೋಗುತ್ತಾರೆ ಎಂದು ಸಮಾಧಾನ ಹೇಳಿದರು.

“ಸ್ಕೀಮಲ್ಲಿ ಏನಿದ್ಯೋ ಅಷ್ಟೇ ಮೇಡಂ. ನಾವು ಕೊಡೋರಲ್ಲ, ಹಂಚೋರು.”

“ಲೆಕ್ಕಾನೇ ಬರಂಗಿಲ್ರಿ ಸರ. ನೀವೊಮ್ಮೆ ಮಾಡಿ ನೋಡ್ರಿ.”

ರಾಮಪ್ರಸಾದರು ನಿಟ್ಟುಸಿರು ಬಿಟ್ಟು ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಲೆಕ್ಕ ಶುರುಮಾಡಿದರು. ಕೈ ಸಲೀಸಾಗಿ ಓಡಿತು. ಸಮೀಕರಣ, ವರ್ಗಮೂಲ, ನಲವತ್ತು, ಇಪ್ಪತ್ತು, ಅರವತ್ತು. ಚೀಟಿಯನ್ನು ಅವಳ ಕಡೆ ತಳ್ಳಿ, ಬಂತಲ್ಲ ಎನ್ನುವಂತೆ ನೋಡಿದರು.

“ಮೈನಸ್ ಎಲ್ಲಿ ಹೋತ್ರಿ ಸರ?”

ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. ಅವರು ಚೀಟಿಯನ್ನು ತಮ್ಮ ಕಡೆ ಎಳೆದುಕೊಂಡು ಓದಿದರು, ಮತ್ತೊಮ್ಮೆ ಓದಿದರು. ಅವರ ಕಿವಿ ಕೆಂಪಾಗಿದ್ದು ಉಮಾಶ್ರೀಗೆ ಕಂಡಿತು. ಅವಳು ಕಂಡೂ ಕಾಣದಂತೆ ಫ್ಯಾನಿನ ಕಡೆ ನೋಡಿದಳು.

“ದ್ಯಾಮಣ್ಣ,” ಎಂದು ಅವರು ಕೂಗಿದರು, “ಇಪ್ಪತ್ತೈದರ ಲೆನ್ಸ್ ಇದ್ಯಾ?”

ಲ್ಯಾಬ್ ಅಟೆಂಡರ್ ದ್ಯಾಮಣ್ಣನಿಗೆ ಐದು ದಿನದಿಂದ ಬಾಗಿಲು ಕಾಯುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಬೀರು ತೆಗೆದು, ಹತ್ತಿಯಲ್ಲಿ ಸುತ್ತಿಟ್ಟ ಲೆನ್ಸು ತಂದ. ಮೂಲೆಯ ಡಾರ್ಕ್ ರೂಮಿನಲ್ಲಿ ಉದ್ದದ ಅಳತೆಪಟ್ಟಿಯ ಮೇಲೆ ದೀಪ, ಲೆನ್ಸು, ಪರದೆ ನಿಲ್ಲಿಸಿದ. ದೀಪದಿಂದ ಪರದೆ ಎಂಬತ್ತಕ್ಕೆ. ಕೆಂಪು ಪೆನ್ನು ಹಿಡಿದ ಎಂಟು ಹತ್ತು ಜನ ಬಾಗಿಲಲ್ಲಿ ಗುಂಪುಗೂಡಿದರು. ರಾಮಪ್ರಸಾದರು ಲೆನ್ಸನ್ನು ಇಪ್ಪತ್ತಕ್ಕೆ ಇಟ್ಟರು. ಪರದೆಯ ಮೇಲೆ ಹಳದಿ ಮಸುಕು. ಅರವತ್ತಕ್ಕೆ ಇಟ್ಟರೂ ಮಸುಕು. ನಡುವೆ ಎಲ್ಲೆಲ್ಲೂ ಸರಿಸಿದರು. ಆ ಮಸುಕು ದೊಡ್ಡದಾಯಿತು, ಚಿಕ್ಕದಾಯಿತು, ದೀಪ ಮಾತ್ರ ಆಗಲಿಲ್ಲ.

“ಪರದೆ ಹಿಂದಕ್ಕೆ ಹಾಕ್ಲಾ ಸಾರ್?” ಎಂದ ದ್ಯಾಮಣ್ಣ. “ಇಪ್ಪತ್ತೈದರ ನಾಲ್ಕರಷ್ಟು ದೂರ ಇಲ್ದಿದ್ರೆ ಬೀಳಲ್ಲ. ಪ್ರತಿ ವರ್ಷ ಹುಡುಗರಿಗೆ ನಾನೇ ಸರಿಸಿಕೊಡ್ತೀನಲ್ಲ.”

ಅವನು ಪರದೆಯನ್ನು ನೂರಕ್ಕೆ ತಳ್ಳಿ ಲೆನ್ಸನ್ನು ಐವತ್ತಕ್ಕೆ ಇಟ್ಟ. ದೀಪದ ತಂತಿ ತಲೆಕೆಳಗಾಗಿ, ಗೆರೆ ಕೊರೆದ ಹಾಗೆ ಬಂದು ಕೂತಿತು.

ರಾಮಪ್ರಸಾದರು ಮೇಜಿಗೆ ಮರಳಿ ಸ್ಕೀಮನ್ನು ಹಿಂದಿನಿಂದ ತಿರುವಿದರು. ಇಡೀ ಸ್ಕೀಮು ಬದಲಾಗಬೇಕಾದರೆ ಮೇಲಿನವರು ಸುತ್ತೋಲೆ ಹೊರಡಿಸಬೇಕು, ಅದು ಬರುವಷ್ಟರಲ್ಲಿ ರಿಸಲ್ಟೇ ಬಂದಿರುತ್ತದೆ ಎಂದು ಗೊಣಗಿದರು. ಕಡೆಯ ಪುಟದ ಕಡೆಯ ಸಾಲಿನ ಮೇಲೆ ಅವರ ಬೆರಳು ನಿಂತಿತು. ಸರಿಯಾದ ಬೇರೆ ಯಾವುದೇ ವಿಧಾನಕ್ಕೂ ಪೂರ್ಣ ಅಂಕ ಕೊಡತಕ್ಕದ್ದು. ಪ್ರತಿ ವರ್ಷ ಅಚ್ಚಾಗುವ ಸಾಲು, ಯಾರೂ ಓದದ ಸಾಲು. ಅವರು ಮೂರನ್ನು ಹೊಡೆದು ಐದು ಮಾಡಿ, ಹಸಿರು ಶಾಯಿಯಲ್ಲಿ ಸಹಿ ಹಾಕಿದರು. ಇಪ್ಪತ್ತೊಂದು.

ಉಮಾಶ್ರೀಗೆ ಒಂದು ಗಳಿಗೆ ಹಾಯೆನ್ನಿಸಿತು. ಆಗ ರಾಮಪ್ರಸಾದರು ಪೆನ್ನಿನ ಮುಚ್ಚಳ ಹಾಕುತ್ತ, ಸುಮ್ಮನೆ ಕೇಳಿದಂತೆ ಕೇಳಿದರು. “ಇದಕ್ಕೆ ಮುಂಚೆ ನೂರಿಪ್ಪತ್ತೇಳು ನೋಡಿದ್ದೀರಿ. ಇಂಥದ್ದು ಇನ್ನೊಂದು ಇರಲಿಲ್ವಾ?”

ಇರಲಿಲ್ಲ ಎನ್ನಲು ಅವಳು ಬಾಯಿ ತೆರೆದಳು. ಓರೆ ಅಕ್ಷರದ ಒಂದು ಪತ್ರಿಕೆ ಕಣ್ಣ ಮುಂದೆ ಬಂತು. ಮಂಗಳವಾರ, ಊಟವಾದ ಮೇಲೆ. ವರ್ಗಮೂಲದ ಚಿಹ್ನೆ, ಒಳಗೆ ಮೈನಸ್ 1600, ಪಕ್ಕದಲ್ಲೊಂದು ಪ್ರಶ್ನಾರ್ಥಕ, ಅಲ್ಲಿಗೆ ನಿಂತಿತ್ತು. ಅರ್ಧಕ್ಕೇ ಬಿಟ್ಟಿದ್ದಾರೆ ಅಂದುಕೊಂಡು ಮೂರು ಹಾಕಿ ಪುಟ ಮಗುಚಿದ್ದಳು. ಒಟ್ಟು ಎಷ್ಟು ಬಂದಿತ್ತೋ ನೆನಪಿಗೆ ಬರಲಿಲ್ಲ. ಇಷ್ಟು ಹೊತ್ತು ಸ್ಕೀಮಿನ ಮೇಲೆ, ಮೌನೇಶನ ಮೇಲೆ, ಈ ಹಿರಿಯರ ಮೇಲೆ ಬರುತ್ತಿದ್ದ ಸಿಟ್ಟು ತಿರುಗಿ ಅವಳ ಮೇಲೇ ಬಂತು.

“ಒಂದಿತ್ತ್ರಿ ಸರ,” ಎಂದಳು. “ಅದನ್ನ ನಾನ ಕೆಡಿಸೀನ್ರಿ.”

ಮಂಗಳವಾರದ ಬಂಡಲು ಆಗಲೇ ಸೀಲಾಗಿ ಸ್ಟ್ರಾಂಗ್ ರೂಮು ಸೇರಿತ್ತು. ಸೀಲಾದದ್ದನ್ನು ಬಿಚ್ಚುವುದೆಂದರೆ ಮೂರು ಸಹಿ, ಒಂದು ವಿವರಣೆ, ಅಲ್ಲಿನ ಗುಮಾಸ್ತರ ಮುಖ. ಇಪ್ಪತ್ತೆಂಟು ವರ್ಷದಲ್ಲಿ ತಾವು ಒಂದು ಸಲವೂ ಬಿಚ್ಚಿಸಿಲ್ಲ ಎಂದು ರಾಮಪ್ರಸಾದರು ಹೇಳಿದರು, ಯಾರಿಗೆ ಹೇಳುತ್ತಿದ್ದಾರೆಂದು ಗೊತ್ತಾಗದ ಹಾಗೆ. ಬಸ್ ಟಿಕೆಟ್ಟನ್ನು ಮಡಿಸಿ ಜೇಬಿಗಿಟ್ಟುಕೊಂಡು ಎದ್ದರು.

“ಬನ್ನಿ ಮೇಡಂ, ಸ್ಟ್ರಾಂಗ್ ರೂಮಿಗೆ ಹೋಗೋಣ. ಆ ಸ್ಕೀಮು ತಗೊಳ್ಳಿ. ಕೊನೇ ಸಾಲು ಓದಕ್ಕೆ ಬೇಕಾಗುತ್ತೆ.”

ಬಾಗಿಲ ಹತ್ತಿರ ದ್ಯಾಮಣ್ಣ ಲೆನ್ಸನ್ನು ಮತ್ತೆ ಹತ್ತಿಯಲ್ಲಿ ಸುತ್ತುತ್ತಿದ್ದ. ಅವನನ್ನು ದಾಟುವಾಗ ರಾಮಪ್ರಸಾದರು ನಿಂತರು.

“ಒಳಗಿಡಬೇಡ ಕಣಯ್ಯ,” ಎಂದರು. “ಅವ್ರಿಗೂ ತೋರಿಸ್ಬೇಕಾಗ್ಬಹುದು.”