ಏಳೂವರೆಯ ಕೆಳಗೆ

ನನ್ನ ತಂಗಿ ಅಡೆಲ್‌ಳ ಗಂಡ ಕ್ಲೆಮ್ ಡಾಕ್ಟರ ಬಾಗಿಲು ತುಳಿದವನಲ್ಲ. ಆ ಬೇಸಿಗೆಯಿಂದ ಮೆಟ್ಟಿಲು ಹತ್ತಿದರೆ ಸಾಕು, ಎದೆ ಹಿಡಿದು ನಿಲ್ಲುತ್ತಿದ್ದ. ಕೇಳಿದರೆ ಸಾಸೇಜ್ ಜಾಸ್ತಿಯಾಯಿತು ಅನ್ನುತ್ತಿದ್ದ. ಅಡೆಲ್ ಅತ್ತಳು, ಪಾದ್ರಿಯಿಂದ ಹೇಳಿಸಿದಳು, ಕೊನೆಗೆ ನನ್ನ ಹತ್ತಿರ ಬಂದಳು.

"ಅಣ್ಣಾ, ಅವ್ರು ನನ್ ಮಾತು ಮೀರ್ತಾರೆ, ದೇವ್ರ ಮಾತೂ ಮೀರ್ತಾರೆ. ಬಾಜಿ ಮಾತ್ರ ಮೀರಲ್ಲ."

ಅದು ನಿಜ. ಮಿಲ್ವಾಕಿಯಲ್ಲಿ ನಮ್ಮ ಬೀದಿಯ ಮಾರ್ಜ್‌ಳ ಬಾರಿನಲ್ಲಿ ಹಳೆಯ ಕಟ್ಟಳೆಯೊಂದಿದೆ. ಸೋತವನು ಅಲ್ಲಿಂದ ಎದ್ದು ಸೀದಾ ಹೋಗಿ ಬಾಜಿ ತೀರಿಸಬೇಕು, ನಾಳೆ ಅನ್ನುವಂತಿಲ್ಲ.

ಬೇಸ್‌ಬಾಲ್ ಋತು ಮುಗಿದ ಮೇಲಿನ ಪ್ಲೇಆಫ್ ಸರಣಿಯ ಕೊನೆಯ ಪಂದ್ಯ, ಮಧ್ಯಾಹ್ನದ ಆಟ. ಎರಡೂ ತಂಡದ ರನ್ನು ಕೂಡಿಸಿ ಬಾಜಿಯವರು ಏಳೂವರೆಗೆ ಗೆರೆ ಎಳೆದಿದ್ದರು; ಮೊತ್ತ ಅದರ ಮೇಲೋ ಕೆಳಗೋ ಅನ್ನುವುದೇ ಬಾಜಿ. ಕ್ಲೆಮ್ ಯಾವತ್ತೂ ಗೆರೆಯ ಮೇಲೆಯೇ ಕಟ್ಟುವವನು. ಅವನ ಪಕ್ಕ ಕೂತೆ.

"ಭಾವ, ಇವತ್ತು ನಾನು ಕೆಳಗೆ. ಏಳು ದಾಟದಿದ್ರೆ ನೀನು ಇಲ್ಲಿಂದ ಸೀದಾ ಆಸ್ಪತ್ರೆಗೆ ಬರ್ಬೇಕು."

"ದಾಟಿದ್ರೆ?"

"ಅಡೆಲ್ ಆಗ್ಲಿ ನಾನಾಗ್ಲಿ ಮತ್ತೆ ಆ ಮಾತೆತ್ತಲ್ಲ."

ಕ್ಲೆಮ್ ವಿನೆಗರಿನಲ್ಲಿ ನೆನೆದ ಮೊಟ್ಟೆಯೊಂದನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ. "ಕೈ ಕೊಡು, ನಾರ್ಬ್. ಮಾರ್ಜ್, ನೀನೇ ಸಾಕ್ಷಿ."

ಅರ್ಧ ಆಟಕ್ಕೇ ಮೂರು ಮೂರು, ಒಟ್ಟು ಆರಾಗಿಬಿಟ್ಟಿತು. ಆಮೇಲೆ ಎಸೆಯುವವರ ಕೈ ಬಿಗಿಯಾಯಿತು, ನಿಗದಿಯ ಒಂಬತ್ತು ಇನ್ನಿಂಗ್ಸ್ ಮುಗಿದರೂ ಲೆಕ್ಕ ಅಲ್ಲೇ ಸಮನಾಗಿ ನಿಂತಿತ್ತು, ಆಟ ಮುಂದುವರಿಯಬೇಕಾಯಿತು. ಕ್ಲೆಮ್ ಮಾತ್ರ ನಗುತ್ತಿದ್ದ.

"ಹತ್ತನೇದಕ್ಕೆ ಬಂತಲ್ಲ. ಈಗ ಎರಡೂ ಕಡೆ ಒಬ್ಬೊಬ್ಬನ್ನ ಪುಕ್ಕಟೆ ಎರಡನೇ ಬೇಸಲ್ಲಿ, ರನ್ನಿನ ಅರ್ಧ ದಾರೀಲಿ, ನಿಲ್ಲಿಸ್ತಾರೆ. ಕೂತಲ್ಲೇ ಎರಡು ರನ್ನು."

ಮಾರ್ಜ್ ಗ್ಲಾಸು ಒರೆಸುತ್ತ ಹೇಳಿದಳು: "ಅದು ಬೇಸಿಗೆ ಆಟಕ್ಕೆ, ಮುದುಕಪ್ಪಾ. ಪ್ಲೇಆಫಲ್ಲಿ ಯಾರನ್ನೂ ಪುಕ್ಕಟೆ ನಿಲ್ಸಲ್ಲ. ಇಷ್ಟು ವರ್ಷ ಇಲ್ಲಿ ಕೂತು ನೋಡಿದ್ದೇನು, ನನ್ ಮುಖನಾ?"

ಬಾರಿನ ತುಂಬ ನಕ್ಕರು. ಕ್ಲೆಮ್ ನಗಲಿಲ್ಲ. ಬೇಸಿಗೆಯಿಡೀ ನೋಡಿದ ಅಭ್ಯಾಸ ಅವನನ್ನು ಕೆಡಿಸಿತ್ತು.

ಹತ್ತನೆಯದರಲ್ಲಿ ಎದುರಾಳಿಗಳು ಒಂದೂ ರನ್ನಿಲ್ಲದೆ ಹೋದರು. ನಮ್ಮವರು ಇಬ್ಬರನ್ನು ಕಳೆದುಕೊಂಡು ಮೂರೂ ಬೇಸಿನಲ್ಲಿ ಒಬ್ಬೊಬ್ಬ ಓಟಗಾರನನ್ನು ತುಂಬಿಸಿದರು. ಬ್ಯಾಟು ಹಿಡಿದು ಬಂದವನು ಗೋಡೆಯಾಚೆ ಹೊಡೆಯುವುದಕ್ಕೇ ಹೆಸರಾದವನು. ಚೆಂಡು ಗೋಡೆ ದಾಟಿದರೆ ಒಮ್ಮೆಗೇ ನಾಲ್ಕು ರನ್ನು, ಬಾಜಿ ಕ್ಲೆಮ್‌ನದು. ಅದಕ್ಕಿಂತ ಸಣ್ಣದಾಗಿ ಗೆದ್ದರೆ ಒಂದೇ ರನ್ನಿಗೆ ಆಟ ಮುಗಿದು ಲೆಕ್ಕ ಏಳಕ್ಕೆ ನಿಲ್ಲುತ್ತದೆ. ಅವನು ಮೂರನೆಯವನಾಗಿ ಔಟಾದರೆ ಇನ್ನೊಂದು ಇನ್ನಿಂಗ್ಸ್. ಇನ್ನೊಂದು ಇನ್ನಿಂಗ್ಸಿಗೆ ಕ್ಲೆಮ್‌ನ ಉಸಿರು ಸಾಲುವಂತೆ ಕಾಣಲಿಲ್ಲ. ಹಣೆ ಬೆವರಿತ್ತು, ಎಡತೋಳನ್ನು ಉಜ್ಜಿಕೊಳ್ಳುತ್ತಿದ್ದ.

"ಭಾವ, ಏಳು. ಹೋಗೋಣ."

"ಬಾಜಿ ಮುಗೀಲಿ."

"ಬಾಜಿ ಮನೆ ಹಾಳಾಗ್ಲಿ, ಏಳು."

"ಮುಗೀಲಿ ಅಂದ್ನಲ್ಲ."

ಮೂರು ಚೆಂಡು ಹೊಡೆಯುವ ಅಳತೆ ಬಿಟ್ಟು ಹೋಗಿದ್ದವು, ಎರಡನ್ನು ಬೀಸಿ ತಪ್ಪಿದ್ದ; ಇನ್ನೊಂದು ತಪ್ಪಿದರೆ ಔಟು. ಬೀಸದೆ ಬಿಟ್ಟ ಚೆಂಡು ಇನ್ನೊಂದು ಅಳತೆ ಬಿಟ್ಟು ಹೋದರೆ ಅವನಿಗೆ ಮೊದಲ ಬೇಸಿಗೆ ಪುಕ್ಕಟೆ ನಡಿಗೆ, ಉಳಿದವರೂ ಒಂದೊಂದು ಬೇಸು ಮುಂದೆ, ಮೂರನೇ ಬೇಸಿನವನು ನಡೆದೇ ಒಳಗೆ ಬಂದು ಗೆಲುವಿನ ರನ್ನು ತರುತ್ತಾನೆ. ಬಾರಿನವರೆಲ್ಲ ಎದ್ದು ನಿಂತು ಹೊಡಿ ಹೊಡಿ ಎಂದು ಕೂಗುತ್ತಿದ್ದರು. ಕೂತಿದ್ದವರು ನಾವಿಬ್ಬರೇ. ಕ್ಲೆಮ್‌ನ ತುಟಿ ಅಲ್ಲಾಡುವುದು ಕಂಡು ಕಿವಿ ಹತ್ತಿರ ಒಯ್ದೆ.

"ಬಿಡೋ ಮಗನೇ. ಹೊಡೀಬೇಡ. ಬಿಟ್ಬಿಡು."

ಚೆಂಡು ತಗ್ಗಿ ಬಂತು. ಬ್ಯಾಟು ಅರ್ಧ ತಿರುಗಿ ನಿಂತಿತು. ಬೀಸಿದನೋ ಇಲ್ಲವೋ ಎಂದು ಈಚೆಯ ಅಂಪೈರ್ ಆಚೆಯವನನ್ನು ಕೇಳಿದ. ಆಚೆಯವನು ಎರಡೂ ಕೈ ಅಗಲಿಸಿದ: ಬೀಸಿಲ್ಲ.

ನಾಲ್ಕು ಮೂರು, ಒಟ್ಟು ಏಳು. ಯಾರದೋ ಬಿಯರು ನನ್ನ ಬೆನ್ನ ಮೇಲೆ ಚೆಲ್ಲಿತು. ಕ್ಲೆಮ್ ಟೋಪಿ ಎತ್ತಿಕೊಂಡ, ಬೆರಳು ಹಿಡಿತಕ್ಕೆ ಬರಲಿಲ್ಲ. ನಾನೇ ಅವನ ತಲೆಗಿಟ್ಟೆ. ಮಾರ್ಜ್ ಬಾಗಿಲು ಹಿಡಿದು ದಾರಿ ಬಿಡಿಸಿದಳು.

ಕಾರಿನಲ್ಲಿ ಕೂರಿಸುವಾಗ ನನ್ನ ತೋಳು ಹಿಡಿದ. "ನಾರ್ಬ್, ಕೊನೇಲಿ ನಾನು ಏನೋ ಅಂದೆ. ನಿಂಗೆ ಕೇಳಿಸ್ತಾ?"

"ಆ ಗದ್ದಲದಲ್ಲಿ ಏನು ಕೇಳತ್ತೆ, ಭಾವ."

"ಸರಿ ಹಾಗಾದ್ರೆ. ಅಡೆಲ್‌ಗೆ ಸೋತೆ ಅಂತಲೇ ಹೇಳು."

ಆಗಲಿ ಎಂದು ಗಾಡಿಯನ್ನು ಆಸ್ಪತ್ರೆಯ ಕಡೆ ತಿರುಗಿಸಿದೆ.