ಚಿಕ್ಕಮ್ಮನ ಬೆರಳ ತುದಿ

ಚಿಕ್ಕಮ್ಮ ಬಟ್ಟೆ ಹೊಲಿಯುವವಳು. ಬಟ್ಟೆಯ ಒಳಮೈ ಯಾವುದು, ಹೊರಮೈ ಯಾವುದು ಎಂದು ಅವಳು ಕಣ್ಣಿಟ್ಟು ನೋಡಿದವಳೇ ಅಲ್ಲ, ಬೆರಳ ತುದಿಯಲ್ಲೇ ತಿಳಿದುಬಿಡುತ್ತಿದ್ದಳು. ಈಗ ಆ ತುದಿಗಳಿಗೇ ಕುತ್ತು ಬಂದಿತ್ತು. ಕ್ಯಾನ್ಸರಿಗೆ ಕೊಡುತ್ತಿದ್ದ ಕೀಮೋದಿಂದ ನರ ಸೊರಗಿ ಬೆರಳು ಜೋಮು ಹಿಡಿಯಬಹುದು ಎಂದಿದ್ದರು ಡಾಕ್ಟರು. ಗಿಡಮೂಲಿಕೆಯ ಪುಡಿಯೊಂದು ಅದನ್ನು ತಡೆಯುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಪರೀಕ್ಷೆ ನಡೆಯುತ್ತಿತ್ತು. ಕೆಲವರಿಗೆ ನಿಜವಾದ ಪುಡಿ, ಉಳಿದವರಿಗೆ ಅದೇ ಬಣ್ಣದ, ಅಷ್ಟೇ ಕಹಿಯಾದ ಬರೀ ಹಿಟ್ಟು. ಯಾರದು ಯಾವುದೆಂದು ಕೊಡುವ ನರ್ಸಿಗೂ ಗೊತ್ತಿರಲಿಲ್ಲ. ಚಿಕ್ಕಮ್ಮ ಒಪ್ಪಿಯೇ ಸೇರಿದ್ದಳು.

ಜೊತೆಗೆ ಬರುತ್ತಿದ್ದ ಅಕ್ಕನ ಮಗಳಿಗೆ ಮಾತ್ರ ಒಳಗೊಳಗೇ ಸಂಕಟ.

"ಚಿಕ್ಕಮ್ಮ, ಒಂದು ಪೊಟ್ಟಣ ಕೊಡು. ಮೂಲಿಕೆ ಅಂಗಡಿಯವರು ಮೂಸಿ ನೋಡಿ ಹೇಳಿಬಿಡ್ತಾರೆ. ಹಿಟ್ಟಾದ್ರೆ ಬಿಟ್ಟುಬಿಡೋಣ."

"ಬಾಯೇ ಬಿಡದವಳು ಬಿಟ್ಟರೆ ಇಂಥದ್ದು! ಗೊತ್ತಾದ್ರೆ ನನ್ನ ಬೆರಳಿಗೆ ಇಲ್ಲದ್ದೆಲ್ಲ ಅನ್ನಿಸೋಕೆ ಶುರುವಾಗುತ್ತೆ ಕಣೇ. ಆಮೇಲೆ ಈ ಪುಡಿಯಿಂದ ಉಪಯೋಗ ಇದ್ಯೋ ಇಲ್ವೋ ಅಂತ ಯಾರಿಗೆ ತಿಳಿಯುತ್ತೆ?"

ಅಂದು ಬೆರಳು ಜೋಮು ಹಿಡಿದಿದೆಯೇ ಎಂದು ನೋಡಲು ನರ್ಸ್ ಚಿಕ್ಕಮ್ಮನ ಕಣ್ಣು ಮುಚ್ಚಿಸಿ, ಕೂದಲಿನಂಥ ಎಳೆಯಿಂದ ಒಂದೊಂದೇ ಬೆರಳನ್ನು ಮುಟ್ಟಿದಳು. ಪ್ರತಿ ಬೆರಳಿಗೂ "ಹೂಂ" ಎನ್ನುತ್ತಿದ್ದ ಚಿಕ್ಕಮ್ಮ ಕಿರುಬೆರಳಿಗೆ ಬಂದಾಗ ಸುಮ್ಮನಾದಳು. ಎಳೆ ಬೆರಳಿಗೆ ತಗುಲಿ ಬಾಗಿದ್ದು ಹುಡುಗಿಗೆ ಕಾಣುತ್ತಿತ್ತು. ಹೂಂ ಅಂದುಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

"ಮುಟ್ಟಿದ್ಯೇನಮ್ಮ? ನನಗೇನೂ ತಿಳೀಲಿಲ್ಲ. ಹಾಗೇ ಬರ್ಕೋ," ಎಂದಳು ಚಿಕ್ಕಮ್ಮ.

ಕಣ್ಣು ತೆರೆದವಳು ಹುಡುಗಿಯ ಮುಖ ನೋಡಿ ನಕ್ಕಳು. "ಅಳಬೇಡ್ವೇ. ಈ ಕಿರುಬೆರಳು ಮೊದಲಿಂದಲೂ ಮೈಗಳ್ಳ. ಒಂದು ದಿನವೂ ಸೂಜಿ ಹಿಡಿದಿದ್ದಿಲ್ಲ."

ಹುಡುಗಿಗೆ ನಗುವೂ ಬಂತು, ಅಳುವೂ ಬಂತು. ಇಷ್ಟು ನೇರವಾದ ಮನುಷ್ಯರನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ.