ಮೂರು ಚುಕ್ಕಿಯ ಮುಂದೆ

ಪೂವಮ್ಮ ತೀರಿಕೊಂಡ ತಮ್ಮನ ಎದೆಯ ಮೇಲೆ ದಪ್ಪ ನೋಟುಪುಸ್ತಕವೊಂದನ್ನು ಇಟ್ಟು, ಅದರ ಮೇಲೆ ಅವನ ಬಲಗೈಯನ್ನು ಎತ್ತಿ ಇಡಲು ನೋಡುತ್ತಿದ್ದರು. ಸೆಟೆದ ಕೈ ಒಪ್ಪಲಿಲ್ಲ. ಎರಡನೆಯ ಸಲ ಇಟ್ಟು ಒತ್ತಿ ಹಿಡಿದಿರುವಾಗ ಅಂಗಳದ ಹೆಂಗಸರು ದಾರಿ ಬಿಟ್ಟರು. ಪೂವಮ್ಮನ ಮಗಳು ಲೋಲಾಕ್ಷಿ ಬಂದಿದ್ದಳು. ತಂತಿ ಸಿಕ್ಕಿದ್ದು ಹಿಂದಿನ ಸಂಜೆ. ಮೈಸೂರಿನಿಂದ ಮೊದಲ ಬಸ್ಸು ಹಿಡಿದು, ಸಂಪಾಜೆ ಘಾಟಿ ಇಳಿದು, ಸುಳ್ಯದಲ್ಲಿ ಬಸ್ಸು ಬದಲಿಸಿ ಪಂಜ ತಲುಪುವಾಗ ಮಧ್ಯಾಹ್ನ ಮೂರು ದಾಟಿತ್ತು. ಅಷ್ಟು ಹೊತ್ತೂ ಅವಳಿಗಾಗಿ ಎಲ್ಲರೂ ಕಾದಿದ್ದರು.

ಲೋಲಾಕ್ಷಿ ಮಾವನ ಕಾಲಬಳಿ ಕುಳಿತಳು. ಅಳು ತಡೆಯಲಾಗದು ಎಂದು ದಾರಿಯುದ್ದಕ್ಕೂ ಹೆದರಿದ್ದವಳಿಗೆ ಮೊದಲು ಬಂದದ್ದು ಮಾತು.

"ಪುಸ್ತಕ ತೆಗೆ ಅವ್ವಾ. ಅದನ್ನು ಸುಡುದು ಬೇಡ."

"ಎಂತಕ್ಕೆ ಬೇಡ? ಅಪ್ಪನ ಎಲೆಯಡಿಕೆ ಚೀಲ ಅಪ್ಪನೊಟ್ಟಿಗೆ ಹೋಯ್ತು. ಅಜ್ಜಿಯ ಊರುಗೋಲು ಅಜ್ಜಿಯೊಟ್ಟಿಗೆ. ಇವನು ಮದುವೆ ಆಗ್ಲಿಲ್ಲ, ಮಕ್ಕಳನ್ನು ಕಾಣ್ಲಿಲ್ಲ. ಕೈಯಲ್ಲಿ ಹಿಡ್ಕೊಂಡದ್ದು ಇದೊಂದೇ. ಇದನ್ನೂ ನಾವು ಇಟ್ಕೊಂಡ್ರೆ ಹುಡುಕಿಕೊಂಡು ಬಾರದೆ ಇರ್ತಾನಾ?"

ಆ ಮನೆಯ ಪದ್ಧತಿ ಅದು. ಸತ್ತವರು ಕೈಬಿಡದೆ ಇಟ್ಟುಕೊಂಡದ್ದು ಅವರ ಜೊತೆಗೇ ಹೋಗಬೇಕು. ಮೂವತ್ತೇಳು ವರ್ಷಕ್ಕೆ ಎದೆ ಹಿಡಿದುಕೊಂಡು ಹೋದ ಬೋಜಪ್ಪನ ಜೊತೆ ಕಳಿಸಲು ಬೇರೇನೂ ಇರಲಿಲ್ಲ ಎಂಬುದೂ ನಿಜ.

ಲೋಲಾಕ್ಷಿಯ ಚೀಲದಲ್ಲಿ ಆರು ಹಾಳೆಗಳಿದ್ದವು. ಮಾವ ಹದಿಮೂರು ವರ್ಷ ಕಾದ ಹಾಳೆಗಳು. ಅವನ್ನು ಇನ್ನು ಯಾರ ಕೈಗೆ ಕೊಡುವುದು ಎಂದು ಅವಳಿಗೆ ತಿಳಿಯಲಿಲ್ಲ.

*

ಐವತ್ತನಾಲ್ಕನೆಯ ಇಸವಿಯಲ್ಲಿ ಬೋಜಪ್ಪ ಮದ್ರಾಸಿನಲ್ಲಿ ಸಂಖ್ಯಾಶಾಸ್ತ್ರದ ಎಂ.ಎ. ಓದುತ್ತಿದ್ದ. ಊರಿನ ಕಡೆಯಿಂದ ಆ ಶಾಸ್ತ್ರ ಓದಲು ಹೋದವರು ಯಾರೂ ಇರಲಿಲ್ಲ. ಹಾಗೆಂದರೇನು ಎಂದು ಕೇಳಿದವರೂ ಇರಲಿಲ್ಲ. ಕಣ್ಣಿಗೆ ಬಿದ್ದ ಸ್ವಲ್ಪವನ್ನು ನೋಡಿ ಕಾಣದ ಎಲ್ಲದರ ಬಗ್ಗೆ ತೀರ್ಮಾನ ಹೇಳುವುದು, ಹೇಳುವಾಗ ಎಷ್ಟು ತಪ್ಪಬಹುದು ಎಂಬುದನ್ನೂ ಮೊದಲೇ ಒಪ್ಪಿಕೊಳ್ಳುವುದು, ಇಷ್ಟೇ ಆ ವಿದ್ಯೆ. ಒಂದು ಅಗುಳು ಹಿಚುಕಿ ಅನ್ನ ಬೆಂದಿದೆ ಎನ್ನುವುದಿಲ್ಲವೇ, ಅದರದೇ ದೊಡ್ಡ ಲೆಕ್ಕ.

ಬೇಕಾದ ಪುಸ್ತಕ ಲೈಬ್ರರಿಯಲ್ಲಿ ಒಂದೇ ಪ್ರತಿ ಇತ್ತು, ಹೊರಗೆ ಕೊಡುವಂತಿರಲಿಲ್ಲ. ಕೊಳ್ಳುವ ಮಾತು ದೂರ. ಇವನು ಹಟಕ್ಕೆ ಬಿದ್ದು ನಾನೂರು ಪುಟವನ್ನು ನೋಟುಪುಸ್ತಕಕ್ಕೆ ಕೈಯಲ್ಲೇ ಇಳಿಸಿಕೊಳ್ಳತೊಡಗಿದ, ಹಿಂದಿನ ಕೋಷ್ಟಕಗಳ ಸಮೇತ. ಸಂಜೆಗೆ ಆರು ಪುಟ. ಮೇಜಿನ ಆಚೆ ಬದಿ ಕೂತ ತಮಿಳು ಹುಡುಗರು ಇವನನ್ನು ನಕಲುಗಾರ ಎಂದು ನಗುತ್ತಿದ್ದರು. ಇವನೂ ನಗುತ್ತಿದ್ದ. ಅವರ ಜೊತೆ ಅದಕ್ಕಿಂತ ಹೆಚ್ಚಿನ ಬಳಕೆ ಅವನಿಗೆ ಕೊನೆಯವರೆಗೂ ಆಗಲಿಲ್ಲ.

ಮುನ್ನೂರ ಹನ್ನೆರಡನೆಯ ಪುಟದಲ್ಲಿ ಒಂದು ದೊಡ್ಡ ಪ್ರಮೇಯದ ಸಾಧನೆ, ಅಂದರೆ ಅದು ಯಾಕೆ ನಿಜ ಎಂಬ ರುಜುವಾತು, ಇತ್ತು. ಅರ್ಧ ಇಳಿಸಿ, 'ಆದ್ದರಿಂದ' ಎಂಬುದಕ್ಕೆ ಗಣಿತದವರು ಹಾಕುವ ಮೂರು ಚುಕ್ಕಿ ಇಟ್ಟಿದ್ದನಷ್ಟೇ. ಹಾಸ್ಟೆಲಿನ ಜವಾನ ಬಂದು ತಂತಿ ಕೊಟ್ಟ. ಅಪ್ಪ ಹೋಗಿದ್ದರು. ಉಳಿದದ್ದನ್ನು ತಿರುಗಿ ಬಂದು ಬರೆದರಾಯಿತು ಎಂದು ಪೆನ್ನು ಮುಚ್ಚಿ ಎದ್ದ.

ತಿರುಗಿ ಹೋಗಲಾಗಲಿಲ್ಲ. ಮನೆಯಲ್ಲಿ ಗಂಡ ಸತ್ತು ತವರಿಗೆ ಬಂದಿದ್ದ ಅಕ್ಕ, ಅವಳ ಎಂಟು ವರ್ಷದ ಮಗಳು, ಉಳುವವರಿಲ್ಲದ ಗದ್ದೆ. ಮದ್ರಾಸಿನ ಪ್ರೊಫೆಸರರಿಗೆ ಒಂದು ಕಾಗದ ಬರೆದ, ಉತ್ತರ ಬರಲಿಲ್ಲ. ಹತ್ತಿರದ ಊರುಗಳಲ್ಲಿ ಆ ಪುಸ್ತಕದ ಹೆಸರು ಕೇಳಿದವರೇ ಇರಲಿಲ್ಲ. ಕೊನೆಗೆ ಸರಕಾರದ ಬೆಳೆ ಅಂದಾಜಿನ ನೌಕರಿ ಸಿಕ್ಕಿತು. ಊರೂರು ತಿರುಗಿ, ಗದ್ದೆಯಲ್ಲಿ ನಾಲ್ಕು ಗೂಟ ಹೊಡೆದು, ಹಗ್ಗ ಎಳೆದು, ಅದರೊಳಗಿನ ಭತ್ತ ಕೊಯ್ಯಿಸಿ ತೂಗುವ ಕೆಲಸ.

*

"ನನ್ನ ಗದ್ದೆಯಲ್ಲಿ ಆ ವರ್ಷ ಬಂಗಾರದಂಥ ಪೈರು," ಎಂದರು ಜತ್ತಪ್ಪ ಗೌಡರು. ದಾಯಾದಿಗಳಲ್ಲಿ ಹಿರಿಯರು ಅವರೇ. ಕೊಳ್ಳಿ ಇಡಬೇಕಾದವರೂ ಅವರೇ. ಮಾವಿನ ಮರ ಕಡಿಸಿ ಬಂದು ಜಗಲಿಯಲ್ಲಿ ಬೆವರೊರೆಸುತ್ತಿದ್ದರು. "ಈ ಮಾರಾಯ ಅಷ್ಟನ್ನೂ ಬಿಟ್ಟು ಹಂದಿ ಹೊರಳಾಡಿದ ಮೂಲೆಗೆ ಹೋಗಿ ಹಗ್ಗ ಕಟ್ಟಿದ. ಎಂತ ಬೋಜಪ್ಪ, ಕಣ್ಣು ಕಾಣುದಿಲ್ವಾ ಕೇಳಿದೆ. ನಾನು ಆರಿಸಿದ್ದಲ್ಲ ಅಣ್ಣ, ಚೀಟಿ ಎತ್ತಿದ ಹಾಗೆ ಪಟ್ಟಿಯಲ್ಲಿ ಬಂದ ನಂಬ್ರ ಅಂದ."

"ನೀವೆಂತ ಮಾಡಿದ್ರಿ?" ಎಂದು ಯಾರೋ ಕೇಳಿದರು, ಗೊತ್ತಿದ್ದೇ.

"ಮರುವರ್ಷ ಆ ಮೂಲೆಗೇ ನಾಲ್ಕು ಬುಟ್ಟಿ ಗೊಬ್ಬರ ಹೆಚ್ಚು ಹಾಕಿದೆ. ಇವನು ಬಂದವನೇ ಪಟ್ಟಿ ನೋಡಿ ಬೇರೆ ಮೂಲೆಗೆ ಹೋದ!"

ನಗು ಬಂದು, ಒಳಗೆ ಮಲಗಿದ್ದವನ ನೆನಪಾಗಿ ನಿಂತಿತು. ಹಾಗೆ ಮಾಡಿದವರು ಜತ್ತಪ್ಪ ಒಬ್ಬರೇ ಅಲ್ಲ. ಬೋಜಪ್ಪ ಹಗ್ಗ ಕಟ್ಟಿದ ಜಾಗಕ್ಕೆ ಏನೋ ಅರ್ಥ ಇದೆ ಎಂದು ಅರ್ಧ ತಾಲೂಕು ನಂಬಿತ್ತು. ಅರ್ಥ ಇರಬಾರದು ಎಂಬುದೇ ಆ ವಿದ್ಯೆಯ ಗುಟ್ಟು ಎಂದು ಅವನು ಹೇಳಿ ಹೇಳಿ ಸೋತಿದ್ದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಅಂಗಳದ ಅಂಚಿನಲ್ಲಿ ಹಸನಬ್ಬ ಬ್ಯಾರಿ ಕುಳಿತಿದ್ದ. ಪಂಜದ ಪೇಟೆಯಲ್ಲಿ ಅವನದು ಸಣ್ಣ ಜೀನಸಿನ ಅಂಗಡಿ. ಬೋಜಪ್ಪ ದಿನಾ ಸಂಜೆ ಅಲ್ಲಿ ಅಕ್ಕಿ ಮೂಟೆಯ ಮೇಲೆ ಕೂರುತ್ತಿದ್ದ.

"ಬ್ಯಾರಿಗಳೇ, ಮಾವ ನಿಮ್ಮ ಹತ್ರ ಎಂತ ಮಾತಾಡ್ತಿದ್ದದ್ದು?" ಲೋಲಾಕ್ಷಿ ಅವನ ಬಳಿ ಬಂದು ಕೇಳಿದಳು.

"ಇದನ್ನೇ ಮಗಳೇ, ಪುಸ್ತಕದ್ದು. ಹತ್ತು ವರ್ಷ ಹೇಳಿದ್ರು. ನನಗೆ ಒಂದಕ್ಷರ ತಲೆಗೆ ಹೋಗ್ಲಿಲ್ಲ." ಹಸನಬ್ಬ ಟೊಪ್ಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡ. "ಬೆಲ್ಲ ಕಟ್ಟುವಾಗಲೂ ಹೂಂ ಅಂದಿದ್ದೇನೆ, ಗಿರಾಕಿ ಹತ್ರ ಜಗಳ ಮಾಡುವಾಗಲೂ ಹೂಂ ಅಂದಿದ್ದೇನೆ. ಮನುಷ್ಯನಿಗೆ ಹೂಂ ಅನ್ನುವವ ಒಬ್ಬ ಬೇಕಲ್ಲ? ಅದು ಅವರಿಗೂ ಗೊತ್ತಿತ್ತು, ನನಗೆ ಗೊತ್ತಾಗುದಿಲ್ಲ ಅಂತ."

*

ಲೋಲಾಕ್ಷಿ ಹೂಂ ಎನ್ನುವವಳಾಗಿ ಉಳಿಯಲಿಲ್ಲ. ಹದಿನೈದು ವರ್ಷದವಳಿದ್ದಾಗಲೇ ಅಡ್ಡಪ್ರಶ್ನೆ ಹಾಕತೊಡಗಿದ್ದಳು. ಆಗ ಮಾವನ ಮುಖ ನೋಡಬೇಕಿತ್ತು.

"ಗದ್ದೆ ಕಾಯುವವ ಉಂಟಲ್ಲ," ಎಂದು ಅವನು ಜಗಲಿಯಲ್ಲಿ ಪಾಠ ಶುರು ಮಾಡುತ್ತಿದ್ದ. "ಪೊದೆಯಲ್ಲಿ ಸದ್ದಾಯ್ತು. ಹಂದಿ ಬಾರದೆ ಕೂಗಿದರೆ ಒಂದು ತಪ್ಪು. ಹಂದಿ ಬಂದೂ ಕೂಗದಿದ್ದರೆ ಇನ್ನೊಂದು ತಪ್ಪು. ಎರಡನ್ನೂ ಪೂರ್ತಿ ತಪ್ಪಿಸಲಿಕ್ಕೆ ಯಾರಿಂದಲೂ ಆಗುದಿಲ್ಲ."

"ಮತ್ತೆ ಎಂತ ಮಾಡುದು?"

"ಸುಳ್ಳು ಕೂಗು ತಿಂಗಳಿಗೆ ಇಷ್ಟೇ ಸಲ ಅಂತ ಗೆರೆ ಹಾಕುದು. ಆ ಗೆರೆಯೊಳಗೆ ಹೆಚ್ಚು ಹಂದಿ ಹಿಡಿಯುವ ಕಾವಲುಗಾರ ಯಾರು? ಸದ್ದು ಗಾಳಿಯದ್ದಕ್ಕಿಂತ ಹಂದಿಯದ್ದಾಗಲು ಎಷ್ಟು ಪಟ್ಟು ಹೆಚ್ಚು ಕಾರಣ ಉಂಟು ಅಂತ ತೂಗಿ ಕೂಗುವವ. ಅವನನ್ನು ಮೀರಿಸುವವ ಇಲ್ಲ ಅಂತ ಪುಸ್ತಕ ಹೇಳ್ತದೆ."

"ಯಾಕೆ ಇಲ್ಲ?"

ಬೋಜಪ್ಪ ನೋಟುಪುಸ್ತಕ ತೆರೆದು ಮೂರು ಚುಕ್ಕಿ ತೋರಿಸುತ್ತಿದ್ದ. "ಅದು ಇದರ ಆಚೆ ಉಂಟು. ನೀನು ಓದಲಿಕ್ಕೆ ಹೋಗಿ ತಾ."

ಹಾಗಾಗಿ ಅವಳು ಮೈಸೂರಿಗೆ ಹೋದಳು, ಅದೇ ಶಾಸ್ತ್ರಕ್ಕೆ. ಈ ವರ್ಷದ ಜನವರಿಯಲ್ಲಿ ಲೈಬ್ರರಿಯ ಮೂಲೆಯಲ್ಲಿ ಆ ಪುಸ್ತಕ ಸಿಕ್ಕಿತು. ಮುನ್ನೂರ ಹನ್ನೆರಡನೆಯ ಪುಟದಿಂದ ಅಧ್ಯಾಯದ ಕೊನೆಯವರೆಗೆ ಇಳಿಸಿದರೆ ಆರು ಹಾಳೆ. ಸಿಕ್ಕಿದೆ ಎಂದು ಕಾಗದ ಹಾಕಿದಳು. ಶಿವರಾತ್ರಿ ರಜೆಗೆ ತಾನೇ ತರುತ್ತೇನೆ ಎಂದಳು. 'ಅಂಚೆಯಲ್ಲೇ ಹಾಕು ಮಗಾ' ಎಂದು ಮಾವ ಬರೆದ. 'ನನಗೆ ತಾಳ್ಮೆ ಕಡಿಮೆಯಾಗಿದೆ. ಸ್ವಲ್ಪ ಎದೆ ಹಿಡಿಯುತ್ತದೆ, ವಾಯು ಇರಬೇಕು.'

ಅವಳು ಹಾಕಲಿಲ್ಲ. ಅದೇ ಜಗಲಿಯಲ್ಲಿ ಒಂದು ಸಲವಾದರೂ ತಾನು ಹೇಳಿಕೊಟ್ಟು, ಮಾವ ಕೇಳಬೇಕು. ಗೊತ್ತಾದ ಗಳಿಗೆಯಲ್ಲಿ ಅವನ ಮುಖವನ್ನು ತಾನು ಕಾಣಬೇಕು. ಅಷ್ಟೇ ಆಸೆ, ಕೆಟ್ಟದ್ದೇನಲ್ಲ. ಪೊದೆಯಲ್ಲಿ ಸದ್ದಾಗಿತ್ತು, ಅವಳು ಗಾಳಿ ಎಂದುಕೊಂಡಳು. ಅಟ್ಟ ಮೇಲೆ ಒಲೆ ಉರಿದರೆ ಯಾರಿಗೆ ಬೇಕು?

*

"ಹೊತ್ತು ಮುಳುಗುದು ನಮಗಾಗಿ ನಿಲ್ಲುದಿಲ್ಲ," ಎಂದರು ಜತ್ತಪ್ಪ ಗೌಡರು. ಚಟ್ಟ ಸಿದ್ಧವಾಗಿತ್ತು.

"ಒಂದು ಸಲ ಪುಸ್ತಕ ಕೊಡು ಅವ್ವಾ. ನೋಡಿ ಕೊಡ್ತೇನೆ."

"ಕೊಡ್ತೀಯಾ?"

"ನೋಡ್ತೇನೆ."

ಅದು ಕೊಡುತ್ತೇನೆ ಎಂದಲ್ಲ ಎಂದು ತಾಯಿಗೆ ಗೊತ್ತಾಯಿತು. ಆದರೂ ತಮ್ಮನ ಕೈ ಸರಿಸಿ ಪುಸ್ತಕ ಎತ್ತಿಕೊಟ್ಟರು. ಲೋಲಾಕ್ಷಿ ಕಂಬಕ್ಕೆ ಒರಗಿ ತೆರೆದಳು. ಕೊಡಬಾರದು ಎಂದೇ ಅವಳ ಮನಸ್ಸಿನಲ್ಲಿತ್ತು. ಮಾವನ ಅಕ್ಷರ ಹೋದರೆ ಮಾವನೇ ಇಲ್ಲದಂತೆ.

ಮೂರು ಚುಕ್ಕಿ ಅಲ್ಲೇ ಇತ್ತು. ಅದರ ಮುಂದೆ, ಎಂದಾದರೂ ಸಿಕ್ಕರೆ ಬರೆಯಲು, ಏಳು ಪುಟ ಖಾಲಿ ಬಿಟ್ಟಿದ್ದ. ಆಮೇಲೆ ಏನಿದೆ ಎಂದು ಅವಳು ಎಂದೂ ತಿರುವಿ ನೋಡಿರಲಿಲ್ಲ, ಬರೀ ಖಾಲಿ ಹಾಳೆ ಎಂದುಕೊಂಡಿದ್ದಳು. ಇದ್ದದ್ದು ಅವನ ಪ್ರಯತ್ನಗಳು. ಒಂದೊಂದಕ್ಕೂ ತಾರೀಕು. ಐವತ್ತೈದರ ಮಳೆಗಾಲದ್ದು, ಹೊಡೆದುಹಾಕಿದೆ. ಐವತ್ತೆಂಟರದ್ದು, ಹೊಡೆದುಹಾಕಿದೆ. ಅವಳು ಹೈಸ್ಕೂಲು ಸೇರಿದ ವರ್ಷದ್ದು, ಕಾಲೇಜು ಸೇರಿದ ವರ್ಷದ್ದು, ಎಲ್ಲದರ ಮೇಲೂ ಒಂದೊಂದು ಅಡ್ಡಗೆರೆ.

ಕೊನೆಯದಕ್ಕೆ ಹೊಡೆದಿರಲಿಲ್ಲ. ತಾರೀಕು ಫೆಬ್ರವರಿ ಹನ್ನೆರಡು, ಹತ್ತು ದಿನದ ಹಿಂದಿನದು. ಎಂಟೇ ಸಾಲು. ತೂಗಿ ಕೂಗುವವ ಒಬ್ಬ, ಅವನಿಗೆ ಎದುರಾಳಿ ಇನ್ನೊಬ್ಬ; ಈ ಇಬ್ಬರು ಕಾವಲುಗಾರರೂ ಕೂಗುವ ರಾತ್ರಿಗಳನ್ನು ಎರಡೂ ಕಡೆಯಿಂದ ಬಿಟ್ಟುಬಿಡು, ಉಳಿದದ್ದನ್ನು ಮಾತ್ರ ತೂಗು, ಎಂದು ಅದರ ಸಾರ. ಲೋಲಾಕ್ಷಿ ಚೀಲದಿಂದ ತನ್ನ ಹಾಳೆ ತೆಗೆದು ಪಕ್ಕದಲ್ಲಿ ಹಿಡಿದಳು. ಸಾಲಿಗೆ ಸಾಲು ನೋಡಿದಳು. ಅಕ್ಷರಗಳು ಬೇರೆ, ದಾರಿ ಅದೇ. ಎಲ್ಲೂ ಜಾರಿರಲಿಲ್ಲ.

ಕೆಳಗೆ ಪೆನ್ಸಿಲಿನಲ್ಲಿ ಬರೆದಿತ್ತು: 'ಸರಿಯೋ ತಪ್ಪೋ? ಲೋಲಾಕ್ಷಿ ನೋಡಿ ಗುರುತು ಹಾಕಬೇಕು.'

ಆಗ ಅವಳು ಅತ್ತಳು. ಹೆಂಗಸರಿಗೆ ಸಮಾಧಾನವಾಯಿತು, ಅಳದಿದ್ದರೆ ಒಳ್ಳೆಯದಲ್ಲ ಎಂದು ಆಡಿಕೊಳ್ಳುತ್ತಿದ್ದರು. ಯಾಕೆ ಅತ್ತಳು ಎಂಬುದು ಮಾತ್ರ ಆ ಅಂಗಳದಲ್ಲಿ ಒಬ್ಬರಿಗೂ ಗೊತ್ತಾಗುವಂತಿರಲಿಲ್ಲ. ಗೊತ್ತಾಗಬಹುದಾಗಿದ್ದವನು ಚಾಪೆಯ ಮೇಲೆ ಮಲಗಿದ್ದ.

"ಬ್ಯಾರಿಗಳೇ, ನಿಮ್ಮ ಪೆನ್ಸಿಲು ಕೊಡಿ."

ಹಸನಬ್ಬ ಕಿವಿಯ ಸಂದಿಯಿಂದ ಅಂಗಡಿಯ ನೀಲಿ ಪೆನ್ಸಿಲು ತೆಗೆದುಕೊಟ್ಟ. ಲೋಲಾಕ್ಷಿ ಎಂಟನೆಯ ಸಾಲಿನ ಪಕ್ಕ ಮೇಷ್ಟ್ರುಗಳು ಹಾಕುವ ಹಾಗೆ ಉದ್ದಕ್ಕೆ ಒಂದು ಸರಿ ಗುರುತು ಎಳೆದಳು. ಕೆಳಗೆ ತಾರೀಕು ಹಾಕಿ ಹೆಸರು ಬರೆದಳು.

"ಎಂತ ಬರೆದೆ?" ಎಂದರು ಪೂವಮ್ಮ.

"ಸರಿ ಅಂತ ಬರೆದೆ."

"ಇಷ್ಟೇನಾ?"

"ಮಾವ ಕೇಳಿದ್ದು ಇಷ್ಟೇ ಅವ್ವಾ."

ಅವಳೇ ಪುಸ್ತಕವನ್ನು ಎದೆಯ ಮೇಲೆ ಇಟ್ಟಳು, ಆ ಪುಟ ತೆರೆದೇ. ಕೈ ಈಗಲೂ ನಿಲ್ಲಲೊಲ್ಲದು. ಬೆರಳುಗಳ ನಡುವೆ ರಟ್ಟಿನ ಅಂಚನ್ನು ಸಿಕ್ಕಿಸಿ, ಗಂಡಸರು ಚಟ್ಟ ಎತ್ತುವವರೆಗೂ ಹಿಡಿದುಕೊಂಡಿದ್ದಳು.

ಹೆಂಗಸರು ಅಂಗಳದಲ್ಲೇ ಉಳಿದರು. ಹಸನಬ್ಬನೂ ಗದ್ದೆಯ ಅಂಚಿನ ಹುಣಿಯವರೆಗೆ ಹೋಗಿ, ಅಲ್ಲಿಂದ ತಿರುಗಿ ಬಂದು ಜಗಲಿಯ ತುದಿಯಲ್ಲಿ ಕುಳಿತ. ಕೊಯ್ದ ಗದ್ದೆಗಳ ಆಚೆ ಗುಡ್ಡದ ಬುಡದಲ್ಲಿ ಹೊಗೆ ಎದ್ದಿತು. ಮೊದಲು ತೆಳ್ಳಗೆ, ಆಮೇಲೆ ದಟ್ಟವಾಗಿ.

ಲೋಲಾಕ್ಷಿಯ ಕೈಯಲ್ಲಿ ಆರು ಹಾಳೆಗಳು ಹಾಗೇ ಇದ್ದವು. ಅವಳು ಮೊದಲನೆಯದನ್ನು ಮಂಡಿಯ ಮೇಲೆ ಬಿಡಿಸಿದಳು.

"ಇಬ್ಬರು ಕಾವಲುಗಾರರು ಅಂತ ಇಟ್ಕೊಳ್ಳಿ," ಎಂದಳು.

ಹಸನಬ್ಬ ಹೊಗೆಯಿಂದ ಕಣ್ಣು ತೆಗೆಯಲಿಲ್ಲ.

"ಹೂಂ," ಎಂದ.